ಗ್ರಾಫ್ ಡೇಟಾಬೇಸಿನ ಫಲಿತಾಂಶಗಳಲ್ಲಿ ಸಾಲುಗಳನ್ನು ಬಿಟ್ಟು ಮುಂದುವರಿಯುವ ಕ್ರಮ: ಇತಿಹಾಸ ಸಂಶೋಧಕರಿಗೆ ಕೆಲವು ಸೂಚನೆಗಳು

೧. ವಿಷಯ ಪ್ರವೇಶ

ಶಾಸನಗಳನ್ನು ಆಧಾರವಾಗಿಟ್ಟುಕೊಂಡು ಕೆಲಸ ಮಾಡುವವರು ಬಹುಕಾಲದಿಂದ ಚೀಟಿಗಳ ಪೆಟ್ಟಿಗೆಯನ್ನು ನೆಚ್ಚಿಕೊಂಡು ಬಂದವರು. ಒಂದು ಶಾಸನಕ್ಕೆ ಒಂದು ಚೀಟಿ. ಅದರಲ್ಲಿ ಊರು, ತೇದಿ, ದಾನಿ, ದಾನ ಪಡೆದವನು, ಸಾಕ್ಷಿಗಳು. ಈ ಪೆಟ್ಟಿಗೆಗೆ ನಾವು ಅಷ್ಟಾಗಿ ಗಮನಿಸದ ಒಂದು ಗುಣವಿತ್ತು. ಮೊದಲ ಇಪ್ಪತ್ತೈದು ಚೀಟಿಗಳನ್ನು ಸರಿಸಿ ಇಪ್ಪತ್ತಾರನೆಯದನ್ನು ತೆಗೆದರೆ ಒಂದು ಚೀಟಿ ಸಿಗುತ್ತಿತ್ತು. ಮರುದಿನ ಬಂದು ಎಣಿಸಿದರೂ, ಯಾರೂ ಕೈಹಾಕದಿದ್ದ ಪಕ್ಷದಲ್ಲಿ, ಅದೇ ಚೀಟಿ ಸಿಗುತ್ತಿತ್ತು. ಚೀಟಿಗಳ ಅನುಕ್ರಮ ಪೆಟ್ಟಿಗೆಯಲ್ಲಿಯೇ ಇತ್ತು.

ಈಚಿನ ವರ್ಷಗಳಲ್ಲಿ ವ್ಯಕ್ತಿಗಳ ಮತ್ತು ಸ್ಥಳಗಳ ಪರಸ್ಪರ ಸಂಬಂಧಗಳನ್ನು ಅಭ್ಯಾಸ ಮಾಡಲು ಗ್ರಾಫ್ ಡೇಟಾಬೇಸು ಬಳಕೆಗೆ ಬಂದಿದೆ. ನಮ್ಮ ವಿಭಾಗದ ವಿದ್ಯಾರ್ಥಿಗಳೂ ಅದನ್ನು ಉಪಯೋಗಿಸುತ್ತಿದ್ದಾರೆ. ಪೆಟ್ಟಿಗೆಯ ಮೇಲೆ ಹೇಳಿದ ಗುಣ ಅಲ್ಲಿ ತಾನಾಗಿಯೇ ಇರುವುದಿಲ್ಲ. ಅದನ್ನು ಕೇಳಿ ಪಡೆಯಬೇಕು. ಕೇಳದೆ ಸಾಲುಗಳನ್ನು ಬಿಟ್ಟುಕೊಂಡು ಹೋದರೆ, ಇರುವ ದಾಖಲೆಯೊಂದು ನಮ್ಮ ಕಣ್ಣಿಗೆ ಬೀಳದೆ ಹೋಗಬಹುದು. ಕಾಣದ್ದನ್ನು ಇಲ್ಲವೆಂದು ನಾವು ಬರೆದುಬಿಡಬಹುದು. ಆಧಾರಗಳ ಮೌನವೂ ನಮ್ಮ ಉಪಕರಣ ತಂದಿಟ್ಟ ಮೌನವೂ ಒಂದೇ ಅಲ್ಲ. ಇವೆರಡನ್ನು ಬೇರ್ಪಡಿಸಿಕೊಳ್ಳುವುದು ಹೇಗೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಗ್ರಾಫ್ ಡೇಟಾಬೇಸು ಮತ್ತು ಅದರ ಪ್ರಶ್ನೆಗಳು

ಗ್ರಾಫ್ ಎಂದರೆ ಕೆಲವು ಬಿಂದುಗಳು ಮತ್ತು ಅವುಗಳನ್ನು ಜೋಡಿಸುವ ಗೆರೆಗಳು. ಕೋನಿಗ್ಸ್‌ಬರ್ಗ್ ನಗರದ ೭ ಸೇತುವೆಗಳನ್ನು ಕುರಿತ ಆಯ್ಲರನ ವಿಚಾರವೇ ಈ ಗಣಿತಶಾಖೆಗೆ ಮೂಲವೆಂದು ಹೇಳುವುದು ವಾಡಿಕೆ. ಡೇಟಾಬೇಸಿನಲ್ಲಿ ಬಿಂದುವಿಗೆ ನೋಡ್ ಎಂದು ಹೆಸರು. ನಮಗೆ ಅದು ಒಬ್ಬ ಅರಸನಾಗಬಹುದು, ಒಂದು ಊರಾಗಬಹುದು, ಒಂದು ಶಾಸನವಾಗಬಹುದು. ಗೆರೆಯೇ ಸಂಬಂಧ: 'ಮಗ', 'ದಾನ ಕೊಟ್ಟನು', 'ಸಾಕ್ಷಿಯಾಗಿದ್ದನು' ಇತ್ಯಾದಿ. ಈ ಬಗೆಯ ಡೇಟಾಬೇಸುಗಳಲ್ಲಿ ನಿಯೋ4ಜೆ ಎಂಬುದು ಹೆಚ್ಚು ಪ್ರಸಿದ್ಧವಾದುದು. ೨೦೧೬ರಲ್ಲಿ ಪ್ರಕಟವಾದ ಪನಾಮಾ ಪತ್ರಗಳ ತನಿಖೆಯಲ್ಲಿ, ಸುಮಾರು ೧ ಕೋಟಿ ೧೫ ಲಕ್ಷ ದಾಖಲೆಗಳೊಳಗಣ ಸಂಬಂಧಗಳನ್ನು ಹುಡುಕಲು ಪತ್ರಕರ್ತರು ಬಳಸಿದ ಸಾಧನಗಳಲ್ಲಿ ಅದೂ ಒಂದು.

ನಿಯೋ4ಜೆಯನ್ನು ಪ್ರಶ್ನಿಸುವ ಭಾಷೆಗೆ ಸೈಫರ್ ಎಂದು ಹೆಸರು. ಇದು ೨೦೧೧ರಲ್ಲಿ ರೂಪುಗೊಂಡಿತು. ಬೇಕಾದ ಆಕೃತಿಯನ್ನು 'ಮ್ಯಾಚ್' ಎಂಬ ಪದದಿಂದ ಹೇಳಿ, ಬೇಕಾದ ವಿವರವನ್ನು 'ರಿಟರ್ನ್' ಎಂಬ ಪದದಿಂದ ಕೇಳಬೇಕು. ಉತ್ತರ ಮಾತ್ರ ಬಿಂದು ಗೆರೆಗಳ ಚಿತ್ರವಾಗಿಯೇ ಬರಬೇಕೆಂದಿಲ್ಲ. ಮೂಲತಃ ಅದು ಸಾಲುಗಳ ಒಂದು ಪಟ್ಟಿ. ಈ ಪಟ್ಟಿ ಉದ್ದವಾದಾಗ ಅದನ್ನು ಪುಟಪುಟವಾಗಿ ನೋಡಲು ಎರಡು ಪದಗಳಿವೆ. 'ಸ್ಕಿಪ್' ಎಂಬುದು ಮೊದಲ ಇಷ್ಟು ಸಾಲುಗಳನ್ನು ಬಿಡು ಎನ್ನುತ್ತದೆ. 'ಲಿಮಿಟ್' ಎಂಬುದು ಅಲ್ಲಿಂದ ಮುಂದೆ ಇಷ್ಟನ್ನು ಮಾತ್ರ ಕೊಡು ಎನ್ನುತ್ತದೆ. ಯಂತ್ರಕ್ಕೆ ಇವನ್ನು ರೋಮನ್ ಲಿಪಿಯಲ್ಲಿ ಕೊಡಬೇಕಾದರೂ ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ:

ಮ್ಯಾಚ್ (ಅ:ಅರಸು)
ರಿಟರ್ನ್ ಅ.ಹೆಸರು
ಸ್ಕಿಪ್ ೩
ಲಿಮಿಟ್ ೩

ಮೊದಲ ಮೂವರು ಅರಸರನ್ನು ಬಿಟ್ಟು ಮುಂದಿನ ಮೂವರ ಹೆಸರನ್ನು ಕೊಡು ಎಂಬುದು ಇದರ ಅರ್ಥ. ಬಿಡಬೇಕಾದ ಸಂಖ್ಯೆ ಸೊನ್ನೆಯಾಗಿದ್ದರೆ ಯಾವ ಸಾಲೂ ಬಿಟ್ಟುಹೋಗುವುದಿಲ್ಲ. ಒಟ್ಟು ಸಾಲುಗಳಿಗಿಂತ ಆ ಸಂಖ್ಯೆ ದೊಡ್ಡದಾಗಿದ್ದರೆ ಬರಿದಾದ ಪಟ್ಟಿ ಬರುತ್ತದೆ. ಯಂತ್ರ ಅದನ್ನು ತಪ್ಪೆಂದು ಎಣಿಸುವುದಿಲ್ಲ. ೨೦೦೮ರಲ್ಲಿ ಮನ್ನಣೆ ಪಡೆದ ಸ್ಪಾರ್ಕಲ್ ಭಾಷೆಯಲ್ಲಿ ಇದೇ ಕೆಲಸಕ್ಕೆ 'ಆಫ್‌ಸೆಟ್' ಎಂಬ ಪದವಿದೆ. ಗ್ರಾಫ್ ಡೇಟಾಬೇಸುಗಳಿಗಾಗಿ ೨೦೨೪ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪ್ರಮಾಣಭಾಷೆಯಾದ ಜಿ.ಕ್ಯೂ.ಎಲ್.ನಲ್ಲಿಯೂ ಆ ಪದವನ್ನು ಕಾಣುತ್ತೇವೆ. ಹೆಸರು ಯಾವುದಾದರೂ ಮುಂದೆ ಹೇಳುವ ತೊಡಕುಗಳು ಎಲ್ಲಕ್ಕೂ ಸಮಾನ.

೩. 'ಮೊದಲ' ಎಂದರೆ ಯಾವುದು?

ಮೇಲಿನ ಪ್ರಶ್ನೆಯಲ್ಲಿ ಒಂದು ದೊಡ್ಡ ಕೊರತೆಯಿದೆ. 'ಮೊದಲ ಮೂರು' ಎಂದೆವು. ಯಾವ ಅನುಕ್ರಮದಲ್ಲಿ ಮೊದಲು ಎಂಬುದನ್ನು ಹೇಳಲಿಲ್ಲ. ಹಾಗೆ ಹೇಳದಿದ್ದಾಗ ಯಂತ್ರವು ತನಗೆ ಅನುಕೂಲವಾದ ಕ್ರಮದಲ್ಲಿ ಸಾಲುಗಳನ್ನು ಕೊಡುತ್ತದೆ. ಅದು ಇಂಥದೇ ಆಗಿರುತ್ತದೆಂಬ ಭರವಸೆ ಭಾಷೆಯ ನಿಯಮದಲ್ಲಿ ಇಲ್ಲ. ಹತ್ತು ಸಲ ಒಂದೇ ಕ್ರಮ ಬಂದು, ಹೊಸದೊಂದು ಸೂಚಿಯನ್ನು ಸೇರಿಸಿದ ಬಳಿಕ ಹನ್ನೊಂದನೆಯ ಸಲ ಬೇರೆಯಾಗಬಹುದು. ಆ ಹತ್ತು ಸಲದ ಸರಿಯೇ ನಮ್ಮನ್ನು ನಂಬಿಸಿ ಮೋಸಗೊಳಿಸುವುದು. ಆದಕಾರಣ 'ಸ್ಕಿಪ್' ಎಂಬುದಕ್ಕೆ ಮುಂಚೆ 'ಆರ್ಡರ್ ಬೈ' ಎಂದು ಬರೆದು ಅನುಕ್ರಮವನ್ನು ಗೊತ್ತುಮಾಡುವುದು ಅಗತ್ಯ.

ಆದರೆ ಅನುಕ್ರಮವನ್ನು ಹೇಳಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಲಾಗದು. ನಮ್ಮವರಿಗೆಲ್ಲ ಪರಿಚಿತವಾದ ಹೊಯ್ಸಳರ ವಂಶಾವಳಿಯಿಂದಲೇ ಇದನ್ನು ತೋರಿಸಬಹುದು. ಹನ್ನೆರಡು ಮಂದಿ ಅರಸರನ್ನು ತೆಗೆದುಕೊಂಡು ಒಬ್ಬೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟಿದ್ದೇವೆಂದು ಇಟ್ಟುಕೊಳ್ಳೋಣ: ನೃಪಕಾಮ (೧), ವಿನಯಾದಿತ್ಯ (೨), ಎರೆಯಂಗ (೩), ಒಂದನೆಯ ಬಲ್ಲಾಳ (೪), ವಿಷ್ಣುವರ್ಧನ (೫), ಒಂದನೆಯ ನರಸಿಂಹ (೬), ಎರಡನೆಯ ಬಲ್ಲಾಳ (೭), ಎರಡನೆಯ ನರಸಿಂಹ (೮), ಸೋಮೇಶ್ವರ (೯), ಮೂರನೆಯ ನರಸಿಂಹ (೧೦), ರಾಮನಾಥ (೧೧), ಮೂರನೆಯ ಬಲ್ಲಾಳ (೧೨). 'ಒಂದನೆಯ', 'ಎರಡನೆಯ' ಎಂಬುವು ಈ ಕಾಲದ ಚರಿತ್ರಕಾರರು ಸೇರಿಸಿದ ವಿಶೇಷಣಗಳು. ಶಾಸನದಲ್ಲಿ ಇರುವುದು ಹೆಸರು ಮಾತ್ರ. ಡೇಟಾಬೇಸಿನಲ್ಲಿಯೂ ಹೆಸರನ್ನು ಮಾತ್ರ ಬರೆದಿದ್ದೇವೆಂದು ಭಾವಿಸೋಣ.

ಅಕಾರಾದಿಯಾಗಿ ಜೋಡಿಸಿದರೆ ಎರೆಯಂಗ, ನರಸಿಂಹ, ನರಸಿಂಹ, ನರಸಿಂಹ, ನೃಪಕಾಮ, ಬಲ್ಲಾಳ, ಬಲ್ಲಾಳ, ಬಲ್ಲಾಳ, ರಾಮನಾಥ, ವಿನಯಾದಿತ್ಯ, ವಿಷ್ಣುವರ್ಧನ, ಸೋಮೇಶ್ವರ ಎಂದಾಗುತ್ತದೆ. ಪುಟಕ್ಕೆ ಮೂರರಂತೆ ನಾಲ್ಕು ಪುಟಗಳು. ಮೊದಲ ಪುಟದ ಕೊನೆಯ ಎರಡು ಸಾಲುಗಳೂ ಎರಡನೆಯ ಪುಟದ ಮೊದಲ ಸಾಲೂ ನರಸಿಂಹರವು. ಈ ಮೂವರಲ್ಲಿ ಯಾರು ಮುಂದು, ಯಾರು ಹಿಂದು ಎಂಬುದನ್ನು ನಾವು ಹೇಳಿಲ್ಲ. ಪ್ರತಿಯೊಂದು ಪುಟವೂ ಯಂತ್ರಕ್ಕೆ ಬೇರೆಯೇ ಒಂದು ಪ್ರಶ್ನೆ. ಹಿಂದಿನ ಪುಟದಲ್ಲಿ ಯಾರನ್ನು ತೋರಿಸಿದೆನೆಂಬ ನೆನಪು ಅದಕ್ಕಿಲ್ಲ. ಮೊದಲ ಸಲ ಅದು ೬ ಮತ್ತು ೮ನೆಯ ನರಸಿಂಹರನ್ನು ಕೊಟ್ಟಿತೆನ್ನೋಣ. ಎರಡನೆಯ ಸಲ ಒಳಗಿನ ಕ್ರಮ ೮, ೧೦, ೬ ಎಂದಾದರೆ, ಮೊದಲ ಮೂರು ಸಾಲುಗಳನ್ನು ಬಿಟ್ಟ ಬಳಿಕ ನಾಲ್ಕನೆಯದಾಗಿ ಬರುವವನು ಪುನಃ ೬ನೆಯ ನರಸಿಂಹನೇ. ಹೀಗೆ ಒಂದನೆಯ ನರಸಿಂಹ ಎರಡು ಸಲ ಬಂದನು. ೧೨೫೪ರಿಂದ ೧೨೯೨ರ ವರೆಗೆ ದೋರಸಮುದ್ರದಲ್ಲಿ ಆಳಿದ ಮೂರನೆಯ ನರಸಿಂಹ ಯಾವ ಪುಟದಲ್ಲಿಯೂ ಬರಲಿಲ್ಲ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ನಾಲ್ಕು ಪುಟಗಳ ಸಾಲುಗಳನ್ನು ಎಣಿಸಿದರೆ ಹನ್ನೆರಡೇ ಆಗುತ್ತವೆ. ಬಿಟ್ಟುಹೋದ ಸಾಲಿನ ಸ್ಥಾನವನ್ನು ಮರುಕಳಿಸಿದ ಸಾಲು ತುಂಬಿರುತ್ತದೆ. ಎಣಿಕೆಯಿಂದ ತಪ್ಪನ್ನು ಹಿಡಿಯುತ್ತೇವೆಂದು ನಂಬಿದವರಿಗೆ ಎಣಿಕೆಯೇ ಸುಳ್ಳು ಸಾಕ್ಷ್ಯ ಹೇಳುತ್ತದೆ.

ಹಾಗಾದರೆ ಹೆಸರಿನ ಬದಲು ಪಟ್ಟಕ್ಕೆ ಬಂದ ವರ್ಷದಿಂದ ಜೋಡಿಸಬಹುದಲ್ಲ ಎಂದು ವಾಚಕರು ಕೇಳಬಹುದು. ಸೋಮೇಶ್ವರನ ತರುವಾಯ ರಾಜ್ಯವು ಅವನ ಇಬ್ಬರು ಮಕ್ಕಳಲ್ಲಿ ಹಂಚಿಹೋಯಿತು. ಮೂರನೆಯ ನರಸಿಂಹ, ರಾಮನಾಥ ಇಬ್ಬರಿಗೂ ೧೨೫೪ ಎಂದೇ ಬರೆದಿಟ್ಟರೆ ಅಲ್ಲಿಯೂ ಇದೇ ಗೋಜಲು. ಪರಿಹಾರ ಒಂದೇ: ಅನುಕ್ರಮದ ಕೊನೆಯಲ್ಲಿ ಎಂದಿಗೂ ಇಬ್ಬರಿಗೆ ಸಮನಾಗದ ಗುರುತೊಂದನ್ನು ಸೇರಿಸಬೇಕು. 'ಆರ್ಡರ್ ಬೈ ಅ.ಹೆಸರು, ಅ.ಸಂಖ್ಯೆ' ಎಂದು ಬರೆದರೆ ಮೂವರು ನರಸಿಂಹರೂ ೬, ೮, ೧೦ ಎಂಬ ಕ್ರಮದಲ್ಲಿ ನಿಲ್ಲುತ್ತಾರೆ. ಎಷ್ಟು ಸಲ ಕೇಳಿದರೂ ಹಾಗೆಯೇ ನಿಲ್ಲುತ್ತಾರೆ.

ಈ ಗುರುತು ನಾವೇ ಕೊಟ್ಟದ್ದಾಗಿರಬೇಕು. ಯಂತ್ರವು ತನ್ನೊಳಗೆ ಇಟ್ಟುಕೊಳ್ಳುವ ಸಂಖ್ಯೆಯನ್ನು ನೆಚ್ಚಬಾರದು. ಒಂದು ನೋಡನ್ನು ಅಳಿಸಿದರೆ ಅದರ ಸಂಖ್ಯೆ ಮುಂದೆ ಬೇರೊಂದಕ್ಕೆ ಹೋಗಬಹುದು. ಶಾಸನಗಳಿಗೆ ಎಪಿಗ್ರಾಫಿಯ ಕರ್ನಾಟಿಕದ ತಾಲ್ಲೂಕುವಾರು ಸಂಖ್ಯೆ ಸಹಜವಾದ ಗುರುತೆಂದು ತೋರುತ್ತದೆ. ಆದರೆ ರೈಸರು ೧೮೮೬ರಲ್ಲಿ ಆರಂಭಿಸಿದ ಮಾಲೆಯ ಸಂಖ್ಯೆಗಳೂ ೧೯೭೨ರಿಂದ ಮೈಸೂರಿನಲ್ಲಿ ಹೊರಬರತೊಡಗಿದ ಪರಿಷ್ಕೃತ ಮುದ್ರಣದ ಸಂಖ್ಯೆಗಳೂ ಬೇರೆ ಬೇರೆ. ಯಾವ ಮುದ್ರಣವೆಂಬುದನ್ನೂ ಗುರುತಿನಲ್ಲಿ ಸೇರಿಸದಿದ್ದರೆ ಎರಡು ಶಾಸನಗಳು ಒಂದೇ ಗುರುತಿನಡಿ ಬಂದು ಕೂರುತ್ತವೆ.

೪. ನಮ್ಮ ಒಂದು ತಪ್ಪು

ಇದು ಬರಿಯ ಊಹೆಯ ಮಾತಲ್ಲ. ಕೆರೆ ಕಟ್ಟಿಸಿದವರಿಗೂ ದುರಸ್ತು ಮಾಡಿಸಿದವರಿಗೂ ಕೊಟ್ಟ ಕಟ್ಟುಗೊಡಗೆಗಳ ಪಟ್ಟಿಯನ್ನು ನಾವು ಸಿದ್ಧಪಡಿಸುತ್ತಿದ್ದಾಗ, ಊರಿನ ಹೆಸರಿನ ಅನುಕ್ರಮದಲ್ಲಿ ಪುಟಕ್ಕೆ ೨೫ ಸಾಲುಗಳಂತೆ ಮುದ್ರಿಸಿಕೊಂಡೆವು. ಹೊಸಹಳ್ಳಿಯಂಥ ಹೆಸರು ನಮ್ಮ ನಾಡಿನಲ್ಲಿ ಎಷ್ಟು ಊರುಗಳಿಗಿದೆಯೆಂಬುದನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಸಾಲುಗಳ ಒಟ್ಟು ಮೊತ್ತ ಡೇಟಾಬೇಸಿನ ಮೊತ್ತಕ್ಕೆ ಸರಿಹೊಂದಿತು. ನಾವು ನಿಶ್ಚಿಂತರಾದೆವು. ಕರಡಿನಲ್ಲಿ, ಅಂಥ ಊರೊಂದರ ಕೆರೆಗೆ ಶಾಸನಾಧಾರವಿಲ್ಲವೆಂದೂ ಅದು ಈಚಿನದಿರಬೇಕೆಂದೂ ಒಂದು ವಾಕ್ಯವನ್ನು ಬರೆದೆವು.

ತರುವಾಯ ಕ್ಷೇತ್ರಕಾರ್ಯಕ್ಕಾಗಿ ಆ ಊರಿಗೆ ಹೋದಾಗ ಅಲ್ಲಿನ ವೃದ್ಧರೊಬ್ಬರು ನಮ್ಮನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ತೂಬಿನ ಬಳಿ ನಿಂತಿದ್ದ ಕಲ್ಲನ್ನು ತೋರಿಸಿದರು. "ಇದನ್ನ ನೀವು ಓದಿಲ್ಲವಾ ಸ್ವಾಮಿ?" ಎಂದು ಕೇಳಿದರು. ಹಿಂದಿರುಗಿ ಹುಡುಕಿದರೆ ಆ ಶಾಸನ ಪ್ರಕಟವಾಗಿತ್ತು. ನಮ್ಮ ವಿದ್ಯಾರ್ಥಿಯೊಬ್ಬರು ಅದನ್ನು ಮೊದಲ ದಿನದಿಂದಲೇ ಡೇಟಾಬೇಸಿಗೆ ಸೇರಿಸಿದ್ದರು. ಎರಡು ಪುಟಗಳ ನಡುವೆ ಅದು ಜಾರಿಹೋಗಿ ಅದೇ ಹೆಸರಿನ ಬೇರೊಂದು ಊರಿನ ದಾಖಲೆ ಎರಡು ಸಲ ಬಂದಿತ್ತು. ವಿದ್ಯಾರ್ಥಿಯ ದುಡಿಮೆಯಲ್ಲಿ ದೋಷವಿರಲಿಲ್ಲ. ಪ್ರಶ್ನೆಯನ್ನು ಬರೆದವರು ನಾವು. ವಾಕ್ಯವನ್ನು ಅಚ್ಚಿಗೆ ಮೊದಲೇ ತೆಗೆದುಹಾಕಲು ಸಾಧ್ಯವಾದದ್ದು ಆ ವೃದ್ಧರಿಂದ.

೫. ಬಿಡುವುದು ಸಾಲನ್ನು, ವ್ಯಕ್ತಿಯನ್ನಲ್ಲ

ಎರಡನೆಯ ತೊಡಕು ಗ್ರಾಫಿಗೆ ವಿಶೇಷವಾದುದು. ಮೇಲಿನ ಹನ್ನೆರಡು ಅರಸರಲ್ಲಿ ತಂದೆ ಯಾರು, ಮಗ ಯಾರು ಎಂದು ಕೇಳಿದರೆ ೧೧ ಸಾಲುಗಳು ಬರುತ್ತವೆ. ತಂದೆಯರು ಮಾತ್ರ ೯ ಮಂದಿ. ಎರೆಯಂಗನಿಗೆ ಬಲ್ಲಾಳ, ವಿಷ್ಣುವರ್ಧನ ಇಬ್ಬರೂ ಮಕ್ಕಳಾದುದರಿಂದ ಅವನು ಎರಡು ಸಾಲುಗಳಲ್ಲಿ ಬರುತ್ತಾನೆ, ಸೋಮೇಶ್ವರನೂ ಹಾಗೆಯೇ. ಆಕೃತಿಯೊಂದು ಎಷ್ಟು ರೀತಿಗಳಲ್ಲಿ ಹೊಂದುತ್ತದೆಯೋ ಅಷ್ಟು ಸಾಲುಗಳು ಹುಟ್ಟುತ್ತವೆ. ಮಕ್ಕಳ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ ಮೊದಲ ಮೂರು ಸಾಲುಗಳನ್ನು ಬಿಟ್ಟರೆ ನೃಪಕಾಮ, ವಿನಯಾದಿತ್ಯ, ಎರೆಯಂಗ ಈ ಮೂವರು ತಂದೆಯರನ್ನು ಬಿಟ್ಟೆವೆಂದು ತೋರುತ್ತದೆ. ಆದರೆ ನಾಲ್ಕನೆಯ ಸಾಲಿನಲ್ಲಿ ಎರೆಯಂಗ ಪುನಃ ಬರುತ್ತಾನೆ.

ದಾನಶಾಸನಗಳಲ್ಲಿ ಇದು ಇನ್ನೂ ಹೆಚ್ಚಾಗುತ್ತದೆ. ಒಂದು ದಾನಕ್ಕೆ ಹತ್ತು ಮಂದಿ ಸಾಕ್ಷಿಗಳಿದ್ದು ದಾನಿಯನ್ನೂ ಸಾಕ್ಷಿಯನ್ನೂ ಒಟ್ಟಿಗೆ ಕೇಳಿದರೆ ಒಬ್ಬನೇ ದಾನಿ ಹತ್ತು ಸಾಲುಗಳನ್ನು ಆಕ್ರಮಿಸುತ್ತಾನೆ. ಆಗ ಪುಟವೊಂದರಲ್ಲಿ ೨೫ ದಾನಿಗಳನ್ನು ನೋಡಿದೆವೆಂಬ ಭಾವನೆ ತಪ್ಪಾಗುತ್ತದೆ. ವ್ಯಕ್ತಿಗಳ ಲೆಕ್ಕ ಬೇಕಾದಾಗ ಮೊದಲು ವ್ಯಕ್ತಿಗಳನ್ನು ಮಾತ್ರ ಆರಿಸಿ, ಪುನರುಕ್ತಿಯನ್ನು 'ಡಿಸ್ಟಿಂಕ್ಟ್' ಎಂಬ ಪದದಿಂದ ಕಳೆದು, ಜೋಡಿಸಿ, ಬಿಡಬೇಕಾದಷ್ಟನ್ನು ಬಿಟ್ಟು, ಆಮೇಲೆ ಅವರ ಸಾಕ್ಷಿಗಳನ್ನು ಹುಡುಕಬೇಕು. ಸೈಫರಿನಲ್ಲಿ 'ವಿತ್' ಎಂಬ ಪದದಿಂದ ಪ್ರಶ್ನೆಯ ನಡುವೆಯೇ ಈ ಹಂತವನ್ನು ಮುಗಿಸಿಕೊಳ್ಳಬಹುದು. ನಡುವೆ ಜೋಡಿಸಿದ ಕ್ರಮ ಕೊನೆಯವರೆಗೂ ಉಳಿಯುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಕೊನೆಯಲ್ಲಿ ಮತ್ತೊಮ್ಮೆ ಜೋಡಿಸುವುದು ಕ್ಷೇಮ.

೬. ಬಿಟ್ಟ ಸಾಲಿನ ವೆಚ್ಚ, ಇನ್ನೊಂದು ಮಾರ್ಗ

ಬಿಟ್ಟ ಸಾಲುಗಳಿಗೆ ಯಂತ್ರದ ದುಡಿಮೆ ತಪ್ಪಿತೆಂದು ಭಾವಿಸುವುದು ಸರಿಯಲ್ಲ. ಅವನ್ನು ಬಿಡಬೇಕಾದರೂ ಮೊದಲು ಹುಡುಕಿ ತರಬೇಕು. ಪುಟಕ್ಕೆ ೨೫ರಂತೆ ನೂರನೆಯ ಪುಟವನ್ನು ಕೇಳಿದರೆ ಯಂತ್ರವು ೨,೫೦೦ ಸಾಲುಗಳನ್ನು ಕಲೆಹಾಕಿ ೨,೪೭೫ನ್ನು ಎಸೆದು ಉಳಿದದ್ದನ್ನು ಕೊಡುತ್ತದೆ. ನೂರು ಪುಟಗಳನ್ನೂ ಒಂದೊಂದಾಗಿ ಕೇಳಿದರೆ ನಾವು ಓದುವುದು ೨,೫೦೦ ಸಾಲುಗಳು. ಯಂತ್ರ ಕಲೆಹಾಕುವುದು ಕಡಮೆಯೆಂದರೂ ೧,೨೬,೨೫೦. ಅನುಕ್ರಮಕ್ಕೆ ತಕ್ಕ ಸೂಚಿ ಇಲ್ಲದಿದ್ದರೆ ಪ್ರತಿಯೊಂದು ಪುಟಕ್ಕೂ ಎಲ್ಲ ಸಾಲುಗಳನ್ನೂ ನೋಡಬೇಕಾಗುತ್ತದೆ.

ಇನ್ನೊಂದು ತೊಂದರೆ, ಪುಟಗಳನ್ನು ಓದುತ್ತಿರುವಾಗಲೇ ಬೇರೆಯವರು ಡೇಟಾಬೇಸನ್ನು ತಿದ್ದುವುದು. ನಾವು ಮೊದಲ ಪುಟವನ್ನು ಮುಗಿಸಿದ ಮೇಲೆ ಎರೆಯಂಗನ ಮತ್ತೊಬ್ಬ ಮಗನಾದ ಉದಯಾದಿತ್ಯನನ್ನು ಯಾರೋ ಸೇರಿಸಿದರೆನ್ನೋಣ. ಅಕಾರಾದಿಯಲ್ಲಿ ಅವನು ಎಲ್ಲರಿಗಿಂತ ಮುಂದೆ ನಿಲ್ಲುವುದರಿಂದ ಉಳಿದವರೆಲ್ಲ ಒಂದೊಂದು ಸ್ಥಾನ ಹಿಂದೆ ಸರಿಯುತ್ತಾರೆ. ಮೊದಲ ಪುಟದ ಕೊನೆಯವನು ಎರಡನೆಯ ಪುಟದಲ್ಲಿ ಮತ್ತೆ ಬರುತ್ತಾನೆ. ಇದು ಕಣ್ಣಿಗೆ ಬೀಳುವ ತಪ್ಪು. ಮೊದಲ ಪುಟದಿಂದ ಒಂದು ನಮೂದನ್ನು ತೆಗೆದುಹಾಕಿದರೆ ಇದರ ವಿಪರ್ಯಾಸ: ನಾಲ್ಕನೆಯವನು ಮೂರನೆಯ ಸ್ಥಾನಕ್ಕೆ ಸರಿದು, ನಾವು ನೋಡದೆಯೇ ಬಿಟ್ಟುಹೋಗುತ್ತಾನೆ. ಇದು ಕಣ್ಣಿಗೆ ಬೀಳದ ತಪ್ಪು.

ಈ ಎರಡಕ್ಕೂ ಒಂದು ಮಾರ್ಗವಿದೆ. ಇಷ್ಟು ಸಾಲುಗಳನ್ನು ಬಿಡು ಎನ್ನುವ ಬದಲು, ನಾನು ಕೊನೆಯದಾಗಿ ನೋಡಿದವನ ಮುಂದಿನಿಂದ ಕೊಡು ಎಂದು ಕೇಳುವುದು. ಮೊದಲ ಪುಟ ಎಂಟನೆಯ ಸಂಖ್ಯೆಯ ನರಸಿಂಹನಲ್ಲಿ ಮುಗಿದಿದ್ದರೆ, ಹೆಸರು 'ನರಸಿಂಹ' ಎಂಬುದಕ್ಕಿಂತ ಮುಂದಿನದಾಗಿರಬೇಕು, ಇಲ್ಲವೆ ಹೆಸರು 'ನರಸಿಂಹ' ಎಂದೇ ಇದ್ದು ಸಂಖ್ಯೆ ೮ಕ್ಕಿಂತ ಹೆಚ್ಚಾಗಿರಬೇಕು ಎಂಬ ಷರತ್ತನ್ನು ಹಾಕಬೇಕು. ಆಗ ೧೦ನೆಯ ನರಸಿಂಹ ಎರಡನೆಯ ಪುಟದ ತಲೆಯಲ್ಲಿ ಬರುತ್ತಾನೆ. ಮುಂದಿನ ಸಾಲುಗಳ ಸ್ಥಾನ ಪಲ್ಲಟವಾದರೂ ಚಿಂತೆಯಿಲ್ಲ. ತಕ್ಕ ಸೂಚಿ ಇದ್ದರೆ ಯಂತ್ರದ ದುಡಿಮೆಯೂ ಉಳಿಯುತ್ತದೆ. ಓದುತ್ತಿದ್ದ ಪುಸ್ತಕದಲ್ಲಿ ಪುಟಸಂಖ್ಯೆಯನ್ನು ನೆನಪಿಟ್ಟುಕೊಳ್ಳದೆ ಗುರುತಿನ ದಾರವನ್ನು ಇಡುವಂತೆ ಇದು. ನೇರವಾಗಿ ನೂರನೆಯ ಪುಟಕ್ಕೆ ನೆಗೆಯುವ ಅನುಕೂಲ ಮಾತ್ರ ಇದರಲ್ಲಿಲ್ಲ.

ಆದರೆ ಈ ಮಾರ್ಗಕ್ಕೂ ಒಂದು ಅಪಾಯವುಂಟು. ಇತಿಹಾಸದವರಿಗೆ ಅದೇ ಹೆಚ್ಚಿನದು. ನಮ್ಮ ಶಾಸನಗಳಲ್ಲಿ ಎಷ್ಟೋ ತೇದಿಯಿಲ್ಲದವು. ತೇದಿಯ ಏರುಕ್ರಮದಲ್ಲಿ ಜೋಡಿಸಿದಾಗ ಸೈಫರ್ ಅವನ್ನು ಪಟ್ಟಿಯ ಕೊನೆಯಲ್ಲಿ ಇಡುತ್ತದೆ. 'ಸ್ಕಿಪ್' ಬಳಸಿ ಕೊನೆಯ ಪುಟದವರೆಗೆ ಹೋದವರಿಗೆ ಅವು ಸಿಗುತ್ತವೆ. ತೇದಿ ಇಂಥದಕ್ಕಿಂತ ಮುಂದಿನದಾಗಿರಬೇಕು ಎಂಬ ಷರತ್ತನ್ನು ಹಾಕಿದರೋ, ಇಲ್ಲದ ತೇದಿಯನ್ನು ಯಾವುದರೊಡನೆಯೂ ಹೋಲಿಸಲು ಬರುವುದಿಲ್ಲವಾದ್ದರಿಂದ ಅವೆಲ್ಲವೂ ಒಂದೇ ಏಟಿಗೆ ಪಟ್ಟಿಯಿಂದ ಹೊರಬೀಳುತ್ತವೆ. ಯಂತ್ರ ಇದನ್ನು ಹೇಳುವುದಿಲ್ಲ. ತೇದಿಯಿಲ್ಲದ ದಾಖಲೆಗಳಿಗಾಗಿ ಬೇರೆಯೇ ಒಂದು ಪ್ರಶ್ನೆಯನ್ನು ಕೇಳಿ ಅವನ್ನು ಪಟ್ಟಿಗೆ ಕೂಡಿಸಬೇಕು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸೂಚನೆಗಳು ಹೊರಡುತ್ತವೆ. ಅನುಕ್ರಮವನ್ನು ಹೇಳದೆ ಸಾಲುಗಳನ್ನು ಬಿಡಬಾರದು. ಅನುಕ್ರಮದ ತುದಿಯಲ್ಲಿ ಸಮಾನತೆಯನ್ನು ಮುರಿಯುವ ಗುರುತೊಂದು ಇರಬೇಕು. ನಾವು ಎಣಿಸುತ್ತಿರುವುದು ಸಾಲುಗಳನ್ನೋ ವ್ಯಕ್ತಿಗಳನ್ನೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಎಲ್ಲ ಪುಟಗಳೂ ಕೈಸೇರಿದ ಮೇಲೆ ಒಟ್ಟು ಸಾಲುಗಳನ್ನಲ್ಲ, ಬೇರೆ ಬೇರೆ ಗುರುತುಗಳೆಷ್ಟಿವೆ ಎಂಬುದನ್ನು ಎಣಿಸಿ ಮೂಲದೊಡನೆ ತಾಳೆನೋಡಬೇಕು. ನಮ್ಮ ಕೆರೆಗಳ ಪಟ್ಟಿಯಲ್ಲಿ ಈ ಒಂದು ಕೆಲಸವನ್ನು ಮಾಡಿದ್ದರೆ ತಪ್ಪು ಆ ದಿನವೇ ಹೊರಬೀಳುತ್ತಿತ್ತು. ಪಟ್ಟಿ ಸಣ್ಣದಾಗಿದ್ದಲ್ಲಿ ಪುಟಗಳ ಗೊಡವೆಯನ್ನೇ ಬಿಟ್ಟು ಒಂದೇ ಸಲಕ್ಕೆ ಎಲ್ಲವನ್ನೂ ಪಡೆಯುವುದು ಎಲ್ಲಕ್ಕಿಂತ ಸುಲಭ.

ಕೊನೆಯದಾಗಿ ಒಂದು ಮಾತು. ನಮ್ಮ ಪ್ರಬಂಧಗಳಲ್ಲಿ ಶಾಸನದ ಸಂಪುಟವನ್ನೂ ಸಂಖ್ಯೆಯನ್ನೂ ಅಡಿಟಿಪ್ಪಣಿಯಲ್ಲಿ ಕೊಡುವುದು ರೂಢಿ. ಡೇಟಾಬೇಸಿನಿಂದ ತೆಗೆದ ಪಟ್ಟಿಯನ್ನು ಆಧರಿಸಿ 'ಇಂಥದು ದೊರೆಯುವುದಿಲ್ಲ' ಎಂದು ಬರೆಯುವವರು, ಕೇಳಿದ ಪ್ರಶ್ನೆಯನ್ನೂ ಕೇಳಿದ ದಿನಾಂಕವನ್ನೂ ಹಾಗೆಯೇ ಕೊಡುವುದು ಉಚಿತವೆಂದು ನಮ್ಮ ಅಭಿಪ್ರಾಯ. ಇದೆ ಎಂದು ಹೇಳಲು ಒಂದು ಕಲ್ಲು ಸಾಕು. ಇಲ್ಲವೆಂದು ಹೇಳಬೇಕಾದವನು ಎಲ್ಲ ಕಲ್ಲುಗಳನ್ನೂ ನೋಡಿರಬೇಕು. ಹಾಗೆ ನೋಡಿದ್ದಾನೆಯೇ ಎಂಬುದನ್ನು ಪರೀಕ್ಷಿಸುವ ಹಕ್ಕು ಓದುವವರಿಗೆ ಇದ್ದೇ ಇದೆ.